ಮಿಡತೆಯ ಕಾಲು

ಬೆಳಿಗ್ಗೆ ಬ್ರೆಡ್ಡಿನ ಒಣಗಿದ ಅಂಚನ್ನು ಮುರಿಯುವಾಗ ಆ ಸದ್ದು ಮತ್ತೆ ಬಂತು. ಅವಳು ತುಂಡನ್ನು ತಟ್ಟೆಗೆ ಎಸೆದು, ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು ಕುಳಿತಳು. ಒಂದು ವಾರದಿಂದ ಇದೇ ಪಾಡು. ಬಾಗಿಲ ಚಿಲಕ, ನೀರಿನ ಬಾಟಲಿಯ ಮುಚ್ಚಳ, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು, ಎಲ್ಲವೂ ಅದೇ ಒಂದು ದನಿಯಲ್ಲಿ ಮಾತಾಡಲು ಕಲಿತುಬಿಟ್ಟಿವೆ. ಸರಿಯಾಗಿ ನೋಡಿದರೆ ಅದು ಕಿವಿಗೆ ಕೇಳಿದ ಸದ್ದೇ ಅಲ್ಲ. ಕಳೆದ ವಾರದ ಫುಟ್‌ಬಾಲ್ ಪಂದ್ಯದಲ್ಲಿ ಆ ಹೊತ್ತಿಗೆ ಮೈದಾನದ ಸುತ್ತ ಜನ ಎದ್ದು ನಿಂತು ಅರಚುತ್ತಿದ್ದರು. ಕಿವಿ ಇದ್ದೂ ಇಲ್ಲದ ಹಾಗಿತ್ತು. ಅವಳ ಮೊಣಕಾಲಿನ ಕೆಳಗಿನ ಎಲುಬು ಎದುರಾಳಿ ಹುಡುಗಿ ಮಿಡತೆಯ ಎಲುಬಿಗೆ ಅಂಟಿಕೊಂಡಿದ್ದಾಗ ಅಲ್ಲಿಂದ ಇಲ್ಲಿಗೆ ದಾಟಿ ಬಂದದ್ದು ಅದು. ಹಾಗಾಗಿಯೇ ಲೀಗಿನವರು ಮೇಜಿನ ಆಚೆ ಕುಳಿತು, "ಮುರಿದ ಸದ್ದು ಏನಾದ್ರೂ ಕೇಳಿಸ್ತಾ?" ಎಂದಾಗ ಅವಳಿಗೆ "ಇಲ್ಲ ಸಾರ್" ಎನ್ನುವುದು ನೀರು ಕುಡಿದಷ್ಟು ಸುಲಭವಾಯಿತು. ಅವರು ತಲೆಯಾಡಿಸಿದರು. ಒಬ್ಬರು ಅವಳ ಕಡೆಗೆ ಟಿಶ್ಯೂ ಡಬ್ಬಿಯನ್ನು ಸರಿಸಿದರು; ಅವಳು ಅಳುತ್ತಿರಲಿಲ್ಲ, ಆದರೂ ಒಂದು ಹಾಳೆ ಎಳೆದು ಮೂಗಿಗೆ ಹಿಡಿದಳು. ಈಗ ಅದೆಲ್ಲ ಮುಗಿದ ಕಥೆ, ಫೈಲು ಮುಚ್ಚಿದೆ ಎಂದು ಕೋಚ್ ಹೇಳಿದ್ದಾನೆ. ಅವಳು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಪೂರ್ತಿ ಮೆತ್ತಗಾದ ಮೇಲೆ ತಿಂದಳು.

ಬೂಟಿನ ಚೀಲ ತುಂಬುವಾಗ ಅಮ್ಮನ ಫೋನು. ಅಮ್ಮ ಇರುವುದು ಸಮುದ್ರದಾಚೆ. ಅಲ್ಲಿ ಆಗಲೇ ಮಧ್ಯಾಹ್ನ. "ಆ ಹುಡುಗಿ ಹೇಗಿದಾಳೆ? ನೋಡೋಕೆ ಹೋಗಿದ್ಯಾ?" "ಹೋಗ್ಬೇಕು ಅಮ್ಮಾ. ಪ್ರಾಕ್ಟೀಸು, ಬಿಡುವೇ ಇಲ್ಲ." "ಹಣ್ಣು ಗಿಣ್ಣು ತಗೊಂಡು ಹೋಗು. ಬರಿಗೈಲಿ ಹೋಗ್ಬೇಡ." ಅಮ್ಮ ದನಿ ತಗ್ಗಿಸಿದಳು. "ನೀನೇನು ಬೇಕಂತ ಮಾಡಿದ್ದಲ್ವಲ್ಲ ಕಣೆ. ಟೀವೀಲಿ ಎಷ್ಟು ಸಲ ತೋರಿಸಿದ್ರು. ಅವಳು ಮುಟ್ಟಿದ್ರೆ ಬೀಳೋಳು, ಯಾರಾದ್ರೂ ನಾಟಕ ಅಂತಾನೇ ತಿಳ್ಕೋತಾರೆ ಅಂತ ಅವರೇ ಹೇಳಿದ್ರು. ನಾನು ಇಲ್ಲಿ ಎಲ್ಲರಿಗೂ ಅದನ್ನೇ ಹೇಳ್ತಿದೀನಿ." ಎಲ್ಲರಿಗೂ ಹೇಳುವಷ್ಟು ಸಲ ಅಮ್ಮನಿಗೆ ಇದನ್ನು ಹೇಳಿಕೊಳ್ಳಬೇಕಾಗಿ ಬಂದಿದೆ ಎಂಬುದು ಅವಳಿಗೆ ಚುಚ್ಚಿತು. ಮಿಡತೆ ಇದೇ ಮನೆಯಲ್ಲಿದ್ದಾಗ ಅಮ್ಮನ ಫೋನು ಬಂದರೆ ಕಸಿದುಕೊಂಡು, ಬಾರದ ಭಾಷೆಯಲ್ಲಿ "ಅಮ್ಮಾ, ಊಟ? ಅಮ್ಮಾ, ನಿದ್ದೆ?" ಎಂದು ಕಿರುಚುತ್ತಿದ್ದಳು. ಅಷ್ಟೇ ಅವಳಿಗೆ ಬರುತ್ತಿದ್ದ ಮಾತು. ಅಮ್ಮ ಅತ್ತ ಕಡೆಯಿಂದ ನಕ್ಕೂ ನಕ್ಕೂ ಕೆಮ್ಮುತ್ತಿದ್ದಳು. "ಸರಿ ಅಮ್ಮಾ, ಬಸ್ಸು ಬಂತು," ಎಂದು ಅವಳು ಫೋನಿಟ್ಟಳು. ಬಸ್ಸು ಬಂದಿರಲಿಲ್ಲ.

ಮಿಡತೆ ಎನ್ನುವುದು ಪತ್ರಿಕೆಯವರು ಇಟ್ಟ ಹೆಸರು. ಚೆಂಡು ಸಿಕ್ಕರೆ ಹಾರುವವಳು, ಯಾರಾದರೂ ಮೈಗೆ ತಾಗಿದರೆ ಅದಕ್ಕಿಂತ ಎತ್ತರ ಹಾರಿ ಬೀಳುವವಳು. ಎದುರಾಳಿಗಳನ್ನು ತಡೆಯುವ ಡಿಫೆಂಡರಾದ ಅವಳನ್ನು ಅದೇ ಪತ್ರಿಕೆಯವರು ಗೋಡೆ ಎಂದು ಕರೆದರು. ಇಬ್ಬರೂ ಈ ದೇಶದವರಲ್ಲ. ಅವಳ ಊರು ಒಂದು ದಿಕ್ಕಿಗೆ, ಮಿಡತೆಯದು ಇನ್ನೊಂದು ದಿಕ್ಕಿಗೆ. ಹೊರದೇಶದ ಆಟಗಾರ್ತಿಯರೆಂದು ಕ್ಲಬ್ಬಿನವರು ಇಬ್ಬರನ್ನೂ ಒಂದೇ ಮನೆಯಲ್ಲಿ ತುರುಕಿದ್ದರು. ಈ ದೇಶದ ಭಾಷೆಯನ್ನು ಇಬ್ಬರೂ ಒಟ್ಟಿಗೆ ಕಲಿತರು, ಒಂದೇ ಬಗೆಯಲ್ಲಿ ತಪ್ಪು ತಪ್ಪಾಗಿ. ಮೊದಲ ತಿಂಗಳೇ ಮಿಡತೆಗೆ ಜ್ವರ ಬಂದು ಮೈ ಕೆಂಡವಾದಾಗ ಅವಳು ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಮರುದಿನದಿಂದ ಮಿಡತೆಯ ಬಾಯಲ್ಲಿ ಅಕ್ಕಾ ಅಕ್ಕಾ. ಬೀಳುವ ವಿದ್ಯೆಯನ್ನು ಮಿಡತೆ ಕಲಿಸಿಕೊಟ್ಟದ್ದೂ ಈ ಕೋಣೆಯಲ್ಲೇ, ಎರಡು ಹಾಸಿಗೆಗಳನ್ನು ನೆಲಕ್ಕೆಳೆದು. "ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಕೂಗು. ನೀನು ಮೊದಲೇ ಕೂಗಿಬಿಡ್ತೀಯ ಅಕ್ಕಾ, ಅದಕ್ಕೇ ರೆಫರಿಗೆ ಗೊತ್ತಾಗತ್ತೆ." ಅವಳು ಮೂಟೆಯ ಹಾಗೆ ಬೀಳುತ್ತಿದ್ದಳು, ಕೆಳಗಿನ ಮನೆಯವನು ಪೊರಕೆಯ ಕೋಲಿನಿಂದ ತಾರಸಿ ಗುದ್ದುತ್ತಿದ್ದ, ಮಿಡತೆ ನಗು ತಡೆಯಲಾರದೆ ದಿಂಬು ಕಚ್ಚುತ್ತಿದ್ದಳು. ಒಮ್ಮೆ ಆಟದಲ್ಲಿ ಮಿಡತೆ ಬಿದ್ದು ಹೊರಳಾಡಿದಾಗ ಅವಳು ತನ್ನ ಜಾಗ ಬಿಟ್ಟು ಮೈದಾನದ ಈ ತುದಿಯಿಂದ ಆ ತುದಿಗೆ ಅಳುಮುಖ ಮಾಡಿಕೊಂಡು ಓಡಿದ್ದಳು. ಆ ಖಾಲಿ ಜಾಗದಲ್ಲೇ ಎದುರಾಳಿಗಳು ನುಗ್ಗಿ ಗೋಲು ಹೊಡೆದರು. ಅಂದು ಸಂಜೆ ಮಿಡತೆ ಒಂದು ಗುರುತು ಮಾಡಿದಳು: ಬಿದ್ದ ಮೇಲೆ ಅಂಗೈಯಿಂದ ನೆಲಕ್ಕೆ ಮೂರು ಏಟು ಹೊಡೆದರೆ ನಾಟಕ, ಅಕ್ಕ ಗಾಬರಿಯಾಗಬೇಕಿಲ್ಲ.

ಮೈದಾನದಲ್ಲಿ ಅವತ್ತು ಕಾರ್ನರ್ ಅಭ್ಯಾಸ, ಮೂಲೆಯಿಂದ ಗೋಲಿನ ಮುಂದಕ್ಕೆ ಚೆಂಡು ಒದೆಯುವುದು. ಕಾರ್ನರ್ ಎಂದರೆ ಚೆಂಡಿನ ಆಟ ಎಂದುಕೊಂಡವರು ಗ್ಯಾಲರಿಯಲ್ಲಿ ಕೂರುವವರು. ಚೆಂಡು ಮೇಲಿಂದ ಬರುವ ಮೊದಲು ಕೆಳಗೆ ನಡೆಯುವುದೇ ಅವಳ ಕೆಲಸ: ಎದುರಿನವಳ ಹೆಬ್ಬೆರಳ ಮೇಲೆ ಬೂಟು ಇಡುವುದು, ಪಕ್ಕೆಯಲ್ಲಿ ಚರ್ಮ ಸಿಕ್ಕುವಲ್ಲಿ ಚಿವುಟುವುದು, ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ರೆಫರಿ ನೋಡಿದಾಗ ಬಿಡುವುದು. ಇದನ್ನೆಲ್ಲ ಅವಳು ಸಿಟ್ಟಿಲ್ಲದೆ, ತರಕಾರಿ ಹೆಚ್ಚುವವರ ಹಾಗೆ ಮಾಡುತ್ತಿದ್ದಳು. ಈಗ ಯಾರೂ ಹತ್ತಿರ ಬರುತ್ತಿಲ್ಲ. ಫಾರ್ವರ್ಡ್ ಆಗಿ ಹೊಸದಾಗಿ ಬಂದ ಹುಡುಗಿ ಅವಳ ಪಕ್ಕದಲ್ಲಿ ನಿಂತಿತ್ತು, ಚೆಂಡು ಬಂದಾಗ ಹಾರಬೇಕಾದದ್ದು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಇನ್ನೊಮ್ಮೆ ಬಂದಾಗಲೂ ಸರಿಯಿತು. "ಹಾರೇ!" ಎಂದು ಅವಳು ಗದರಿದಳು. ಮತ್ತೊಮ್ಮೆ ಚೆಂಡು ಬಂದಾಗ ಹುಡುಗಿ ಕಣ್ಣು ಮುಚ್ಚಿಕೊಂಡು ಹಾರಿತು. ಅವಳ ಮೊಣಕೈ ತನ್ನಷ್ಟಕ್ಕೆ ತಾನೇ ಎದ್ದು ಹುಡುಗಿಯ ಮೂಗಿನ ಮೇಲೆ ಕೂತಿತು. ರಕ್ತ ತುಟಿಗೆ ಇಳಿದು ಹಲ್ಲೆಲ್ಲ ಕೆಂಪಾಯಿತು. ಹುಡುಗಿ ಕೈಯಲ್ಲಿ ಮೂಗು ಹಿಡಿದುಕೊಂಡೇ, "ಸಾರಿ ಅಕ್ಕಾ, ಸಾರಿ," ಎಂದಿತು. ಹೊಡೆದವಳು ನಾನು, ಸಾರಿ ಕೇಳುವುದು ಇದು ಎಂದು ಅವಳಿಗೆ ಮೈಯೆಲ್ಲ ಉರಿದು, ಹುಡುಗಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೋಚ್ ಅವಳನ್ನು ಪಕ್ಕಕ್ಕೆ ಕರೆದು ಬೆನ್ನು ತಟ್ಟಿದ. "ಹೀಗೇ ಇರು. ಬರೋ ವಾರದ ಟೀಮಿನವರು ಈಗ್ಲೇ ಹೆದರಿದಾರಂತೆ. ನೀನು ಸುಮ್ನೆ ನಿಂತ್ರೂ ಸಾಕು, ಒಂದು ಗೋಲು ನಮ್ಮ ಕಡೆ." ಒಳ್ಳೆಯ ಮಾತು ಹೇಳಿದೆ ಎಂದು ಅವನ ಮುಖ ಅರಳಿತ್ತು. ಅವಳೂ ಹಲ್ಲು ಬಿಟ್ಟಳು. ಅದಕ್ಕಿಂತ ಹೇಸಿಗೆಯ ಸಂಗತಿ ಎಂದರೆ, ಅವಳಿಗೆ ಒಳಗೊಳಗೇ ಖುಷಿಯಾಯಿತು.

ಯಾಕೆಂದರೆ ಈಗ ಯಾರೂ ಪೀಂ ಪೀಂ ಅನ್ನುವುದಿಲ್ಲ. ಮಿಡತೆ ದೊಡ್ಡ ಕ್ಲಬ್ಬಿಗೆ ಹೋಗುವ ಸುದ್ದಿ ಅವಳಿಗೆ ತಿಳಿದದ್ದು ಫೋನಿನಲ್ಲಿ, ಚಹಾ ಕುದಿಯುವುದನ್ನು ಕಾಯುತ್ತಿದ್ದಾಗ. ಊರಿಗೆಲ್ಲ ಗೊತ್ತಾದ ಮೇಲೆ. ಮಿಡತೆ ಆಗ ಬಚ್ಚಲಲ್ಲಿ ಹಾಡಿಕೊಂಡು ತಲೆ ತೊಳೆಯುತ್ತಿದ್ದಳು. "ಅಕ್ಕಾ, ಟವೆಲ್ ಮರೆತೆ, ಕೊಡು." ಬಾಗಿಲ ಸಂದಿಯಿಂದ ನೊರೆ ಹತ್ತಿದ ಕೈ ಹೊರಗೆ ಬಂತು. ಅವಳು ಟವೆಲು ಕೊಟ್ಟಳು. ಏನೂ ಕೇಳಲಿಲ್ಲ, ಅವಳಾಗೇ ಹೇಳಲಿ ಎಂದು ಕಾದಳು, ಪೆಟ್ಟಿಗೆ ಕಟ್ಟಿದ ದಿನ ಮಿಡತೆ ಕುತ್ತಿಗೆಗೆ ಜೋತುಬಿದ್ದು ಅತ್ತಾಗಲೂ ಕಾಯುತ್ತಲೇ ಇದ್ದಳು. ಆಮೇಲೆ ಟೀವಿಯಲ್ಲಿ ಯಾರೋ ಕೇಳಿದರು, ಗೋಡೆಯನ್ನು ಹೇಗೆ ದಾಟುತ್ತೀರಿ ಎಂದು. ಮಿಡತೆ ಕಾಲ ಮೇಲೆ ಕಾಲು ಹಾಕಿ ಕುಳಿತು, "ಅಯ್ಯೋ, ಅಕ್ಕನ್ನ ದಾಟೋದೇನು ಕಷ್ಟ? ಅವಳು ತಿರುಗೋದು ಲಾರಿ ರಿವರ್ಸ್ ತಗೊಂಡ ಹಾಗೆ. ಮೊದಲು ಪೀಂ ಪೀಂ ಅಂತ ಕೇಳ್ಸತ್ತೆ, ಆಮೇಲೆ ತಿರುಗ್ತಾಳೆ," ಎಂದಳು. ಕೇಳಿದವನು ಬಿದ್ದು ಬಿದ್ದು ನಕ್ಕ. ಪ್ರೀತಿಯಿಂದ ಹೇಳಿದ್ದೇ ಇರಬೇಕು, ಮನೆಯಲ್ಲಿ ಅದನ್ನೇ ಹೇಳಿ ಇಬ್ಬರೂ ನಕ್ಕದ್ದೂ ಉಂಟು. ಆದರೆ ಮನೆಯ ಮಾತು ಬೀದಿಗೆ ಬಿದ್ದಾಗ ಅದರ ಮುಖವೇ ಬೇರೆ. ಕಳೆದ ವಾರ ಎರಡು ಟೀಮೂ ಎದುರಾದ ದಿನ ಆ ಕಡೆಯ ಗ್ಯಾಲರಿ ಅವಳು ತಿರುಗಿದಾಗಲೆಲ್ಲ ಒಂದೇ ಕಂಠದಲ್ಲಿ ಪೀಂ, ಪೀಂ, ಪೀಂ. ಅಪ್ಪಂದಿರ ಹೆಗಲ ಮೇಲೆ ಕೂತ ಮಕ್ಕಳು ಪೀಂ ಪೀಂ. ಅವಳದೇ ಟೀಮಿನ ಗೋಲ್‌ಕೀಪರ್ ಗ್ಲೋವ್ಸಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ಅವಳು ನೋಡಿದಳು. ಮಿಡತೆ ಅವಳನ್ನು ಒಮ್ಮೆ ದಾಟಿದಳು, ಮತ್ತೊಮ್ಮೆ ದಾಟಿದಳು, ದಾಟುವಾಗ ಹಳೆಯ ಸಲಿಗೆಯಲ್ಲಿ ಕಣ್ಣು ಹೊಡೆದಳು.

ಮಿಡತೆ ಮತ್ತೆ ಬಂದಾಗ ಅವಳು ಕಾಲು ಹಾಕಿದಳು. ಆ ಕಾಲಿನಲ್ಲಿ ತಪ್ಪಿರಲಿಲ್ಲ. ಮೊದಲು ತಾಗಿದ್ದು ಚೆಂಡೇ, ಟೀವಿಯಲ್ಲಿ ನಿಧಾನವಾಗಿ ಓಡಿಸಿ ತೋರಿಸಿದ್ದಾರೆ. ಆಮೇಲೆ ತಾಗಿದ್ದು ಮಿಡತೆ. ಆಗ ದಾಟಿ ಬಂತು ಅದು, ಎಲುಬಿನಿಂದ ಎಲುಬಿಗೆ, ಒಣಕಡ್ಡಿ ಮುರಿದ ಹಾಗೆ. ಮಿಡತೆ ಬಿದ್ದು ಅಂಗೈಯಿಂದ ನೆಲ ಬಡಿದಳು. ಮೂರು ಏಟು ಎಂದು ಅವಳು ಎಲ್ಲರಿಗೂ ಹೇಳಿದ್ದಾಳೆ. ನಮ್ಮಿಬ್ಬರ ನಡುವೆ ಹೀಗೊಂದು ಗುರುತಿತ್ತು, ನಾಟಕ ಎಂದೇ ನಂಬಿದೆ ಎಂದಿದ್ದಾಳೆ. ಕೇಳಿದವರಿಗೆ ಕಣ್ಣು ತುಂಬಿ ಬಂದಿದೆ. ಮೂರರ ಮೇಲೆ ಇನ್ನೂ ಏಟುಗಳಿದ್ದವು, ಆಮೇಲೆ ಆ ಬೆರಳುಗಳು ಹುಲ್ಲನ್ನು ಬೇರುಸಹಿತ ಕಿತ್ತವು. ಅದನ್ನು ಅವಳು ಹೇಳಿಲ್ಲ. ರೆಫರಿ ಆಟ ನಿಲ್ಲಿಸಲಿಲ್ಲ. ಅವಳು ಬಗ್ಗಿ ಮಿಡತೆಯ ಕಂಕುಳಿಗೆ ಕೈಹಾಕಿ, "ಏಳೇ ನಾಟಕದವಳೇ," ಎಂದು ಎತ್ತಿ ನಿಲ್ಲಿಸಿದಳು. ಬಿದ್ದವರನ್ನು ಹೀಗೆ ಎಳೆದು ನಿಲ್ಲಿಸುವುದು ಎಲ್ಲ ಡಿಫೆಂಡರುಗಳೂ ಮಾಡುವುದೇ. ಅದಕ್ಕೆ ಸಿಗುವುದು ಒಂದು ಹಳದಿ ಕಾರ್ಡು, ಅವಳಿಗೂ ಸಿಕ್ಕಿದ್ದು ಅಷ್ಟೇ. ಆದರೆ ಅವಳು ನಿಲ್ಲಿಸಿ ಬಿಡಲಿಲ್ಲ. ಎರಡೂ ಭುಜಗಳ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದಳು. ಕ್ಯಾಮೆರಾಕ್ಕೆ ಬೆನ್ನು ಇತ್ತು, ಕಾಣಲಿಲ್ಲ. ಮೊಣಕಾಲಿಗೂ ಹಿಮ್ಮಡಿಗೂ ನಡುವೆ, ಬಾಗುವ ಜಾಗವೇ ಅಲ್ಲದ ಕಡೆ ಕಾಲು ಬಾಗಿತು. ಬಿಳಿ ಕಾಲುಚೀಲದೊಳಗಿಂದ ಏನೋ ಚೂಪಾದದ್ದು ಬಟ್ಟೆಯನ್ನು ಹೊರಕ್ಕೆ ತಳ್ಳಿತು, ಸುತ್ತ ಕೆಂಪು ಹರಡಿತು. ಈ ಸಲ ಭುಜಕ್ಕೂ ಸೊಂಟಕ್ಕೂ ಮೊದಲೇ ಕೂಗು ಬಂತು. ಗ್ಯಾಲರಿಯಲ್ಲಿ ಪೀಂ ಪೀಂ ನಿಂತಿತು. ಆ ನಿಶ್ಶಬ್ದದಲ್ಲಿ ಅವಳಿಗೆ ಮೊದಲು ಅನ್ನಿಸಿದ್ದು, ಅಬ್ಬಾ, ನಿಂತಿತಲ್ಲ ಎಂದು.

ಅಭ್ಯಾಸ ಮುಗಿಸಿ ಬೂಟಿನ ಮಣ್ಣು ಕೆರೆಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ. ಒಬ್ಬ ನರ್ಸಮ್ಮನ ಅವಸರದ ದನಿ. "ನೀವು ಪೇಷಂಟಿನ ಅಕ್ಕ ಅಲ್ವಾ? ಇವತ್ತು ಡಿಸ್ಚಾರ್ಜು. ಕ್ಲಬ್ಬಿನವರು ಟೀಮಿನ ಜೊತೆ ಬೇರೆ ಊರಿಗೆ ಹೋಗಿದಾರಂತೆ, ನಾಳಿದ್ದು ಬರ್ತಾರಂತೆ. ನಮಗೆ ಬೆಡ್ ಬೇಕು. ಬಂದು ಕರ್ಕೊಂಡು ಹೋಗಿ." ಅವಳು ಬೂಟು ಕೆಳಗಿಟ್ಟಳು. "ನಾನು... ನನ್ನ ನಂಬರ್ ಯಾರು ಕೊಟ್ಟಿದ್ದು?" "ಇಲ್ಲಿ ಬರೆಸಿದಾರಲ್ಲಮ್ಮ, ತುರ್ತಿಗೆ ಯಾರನ್ನ ಕರೀಬೇಕು ಅಂದ್ರೆ ಅಕ್ಕ ಅಂತ." ಮೊದಲ ಸೀಸನ್ನಿನಲ್ಲಿ, ಜ್ವರ ಬಂದ ತಿಂಗಳಲ್ಲಿ, ಹೊರದೇಶದವರ ಕಾಗದಗಳನ್ನು ತುಂಬಿಸುವಾಗ ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಬರೆಸಿದ್ದು. ಕ್ಲಬ್ಬು ಬದಲಾಯಿತು, ಮನೆ ಬದಲಾಯಿತು, ಅಂಗಿಯ ಬಣ್ಣ ಬದಲಾಯಿತು. ಇದೊಂದನ್ನು ಬದಲಾಯಿಸಲು ಯಾರಿಗೂ ನೆನಪಾಗಲಿಲ್ಲ. ಅವಳ ಕಾಗದದಲ್ಲೂ ಈಗಲೂ ಮಿಡತೆಯ ಹೆಸರೇ ಇರಬೇಕು. ಬರಲಾಗುವುದಿಲ್ಲ ಎನ್ನಲು ಬಾಯಿ ತೆರೆದಳು, ಬಂದದ್ದು, "ಎಷ್ಟನೇ ಮಹಡಿ?" ಎಂಬ ಮಾತು. ದಾರಿಯಲ್ಲಿ ಟ್ಯಾಕ್ಸಿ ನಿಲ್ಲಿಸಿ ಹಣ್ಣು ಕೊಂಡಳು. ಕೊಂಡ ಮೇಲೆ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತ ತನ್ನನ್ನು ಕನ್ನಡಿಯಲ್ಲಿ ನೋಡಿ, ಮುರಿದವಳೇ ಹಣ್ಣು ತರುತ್ತಿದ್ದಾಳೆ ಎಂದು ನಾಚಿಕೆಯಾಗಿ, ಇಳಿಯುವಾಗ ಸೀಟಿನ ಮೇಲೇ ಬಿಟ್ಟಳು. ಡ್ರೈವರ್ ಹಿಂದಿನಿಂದ ಕೂಗಿ, ಓಡಿ ಬಂದು, ಅವಳ ಕೈಗೇ ಕೊಟ್ಟ.

ಮಿಡತೆ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಮೊಣಕಾಲಿನ ಕೆಳಗೆ ದಪ್ಪ ಪಟ್ಟಿ, ತುದಿಯಲ್ಲಿ ಊದಿ ಹೊಳೆಯುವ ಬೆರಳುಗಳು. ಕೂದಲು ವಾರದಿಂದ ಬಾಚಿರಲಿಲ್ಲ. ಅವಳನ್ನು ಕಂಡು ಮಿಡತೆಯ ಮುಖ ಮೊದಲು ಬೆಳಗಿತು, ಹಳೆಯ ಅಭ್ಯಾಸದಿಂದ. ಆಮೇಲೆ ನೆನಪಾಗಿ ಆರಿತು. ಆ ಮೊದಲ ಬೆಳಕು ಕಾಣದೇ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀನಾ?"

"ಅವರೇ ಕರೆದ್ರು. ನನ್ನ ಹೆಸರಿತ್ತಂತೆ."

"ಬದಲಾಯಿಸೋಕೆ ಮರೆತಿದ್ದೆ."

ನರ್ಸಮ್ಮ ಮಾತ್ರೆಗಳನ್ನು ವಿವರಿಸುತ್ತ ಅವಳ ಕಡೆಗೇ ನೋಡುತ್ತಿದ್ದಳು, ಅಕ್ಕನೆಂದರೆ ಜವಾಬ್ದಾರಿ ಎನ್ನುವ ಹಾಗೆ. "ಒಂಚೂರೂ ಭಾರ ಬೀಳಬಾರದು. ಒಳಗೆ ರಾಡ್ ಹಾಕಿದೆ. ಒಂದು ಸಲ ಮುರಿದದ್ದು ಕೂಡತ್ತೆ. ನಿಮ್ಮ ತಂಗಿದು ಎರಡು ಸಲ ಆಗಿದೆ. ಮೊದಲು ಬರೀ ಬಿರುಕು, ಆಮೇಲೆ ಭಾರ ಬಿದ್ದು ಚೂರಾಗಿದ್ದು. ಮತ್ತೆ ಆದ್ರೆ ಆಟ ಬಿಡಿ, ನಡಿಯೋದೂ ಕಷ್ಟ." ಅವಳು ಗೋಡೆಯ ಮೇಲಿನ ಸ್ವಿಚ್ಚನ್ನು ನೋಡುತ್ತ ಹೂಂ ಎಂದಳು. ಮೊದಲು ಬರೀ ಬಿರುಕು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲು ಹಾಕಿದ್ದು ಬಿರುಕು, ಒತ್ತಿದ್ದು ಚೂರು. "ಹೆಸರು ಬದಲಾಯಿಸ್ಬೇಕಾದ್ರೆ ಹೋಗ್ತಾ ಕೌಂಟರಿನಲ್ಲಿ ಹೇಳಿ," ಎಂದಳು ನರ್ಸಮ್ಮ. ಕೌಂಟರಿನ ಮುಂದೆ ಗಾಲಿಕುರ್ಚಿ ತಳ್ಳುವಾಗ ಅವಳು ಸ್ವಲ್ಪ ನಿಧಾನ ಮಾಡಿದಳು. ಮಿಡತೆ ನೇರ ನೋಡುತ್ತಿದ್ದಳು. ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಹಣ್ಣಿನ ಚೀಲ, ಊರುಗೋಲುಗಳು. ರಸ್ತೆಯ ಉಬ್ಬಿನ ಮೇಲೆ ಟ್ಯಾಕ್ಸಿ ಹಾರಿದಾಗ ಮಿಡತೆಯ ಬಾಯಿಂದ ಸಣ್ಣ ಉಸಿರೊಂದು ಹೊರಬಿತ್ತು, ಕೂಗಲ್ಲ, ಕೂಗನ್ನು ನುಂಗಿದ್ದು. ಜೀವನವಿಡೀ ಏನೂ ಆಗದೆ ಕೂಗಿದವಳು ಈಗ ಆಗಿದ್ದಕ್ಕೂ ಕೂಗುತ್ತಿರಲಿಲ್ಲ.

ದೊಡ್ಡ ಕ್ಲಬ್ಬು ಕೊಟ್ಟ ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟಿಲ್ಲ. ಆಡುವವರಿಗೆ ಲಿಫ್ಟ್ ಯಾಕೆ ಎನ್ನುವುದು ಎಲ್ಲ ಕ್ಲಬ್ಬಿನವರ ಹಳೆಯ ತಮಾಷೆ. ಟ್ಯಾಕ್ಸಿಯವನು ಮೆಟ್ಟಿಲನ್ನು ನೋಡಿ, ಅವಳನ್ನು ನೋಡಿ, ಕೆಲಸ ನೆನಪಾಯಿತೆಂದು ಹೊರಟುಹೋದ. ಅವಳು ಊರುಗೋಲುಗಳನ್ನೂ ಚೀಲವನ್ನೂ ಕೆಳಗಿನ ಗೋಡೆಗೆ ಒರಗಿಸಿ, ಮಿಡತೆಗೆ ಬೆನ್ನು ಕೊಟ್ಟು ಬಗ್ಗಿದಳು. ಎಷ್ಟೋ ಹೊತ್ತು ಬೆನ್ನಿಗೆ ಏನೂ ತಾಗಲಿಲ್ಲ. ಆಮೇಲೆ ಕೈಗಳು ಕುತ್ತಿಗೆಯ ಸುತ್ತ ಬಂದವು. ಅವಳು ತೊಡೆಗಳ ಕೆಳಗೆ ಬೆರಳುಗಳನ್ನು ಕೊಂಡಿ ಹಾಕಿ ಎದ್ದಳು. ಮೊದಲ ಸೀಸನ್ನಿನಲ್ಲಿ ಕ್ರೀಡಾಂಗಣದ ಮೆಟ್ಟಿಲುಗಳನ್ನು ಹೀಗೆ ಒಬ್ಬರನ್ನೊಬ್ಬರು ಹೊತ್ತು ಹತ್ತುತ್ತಿದ್ದರು. ಮಿಡತೆ ಕಿವಿ ಹಿಡಿದು "ಹಯ್ ಹಯ್" ಎಂದು ಓಡಿಸುತ್ತಿದ್ದಳು. ಈಗ ಹಗುರಾಗಿದ್ದಳು. ಒಂದು ವಾರದಲ್ಲಿ ಇಷ್ಟು ಇಳಿದಿದ್ದಾಳೆ. ಪಟ್ಟಿ ಕಟ್ಟಿದ ಕಾಲು ಪಕ್ಕದಲ್ಲಿ ತೂಗುತ್ತಿತ್ತು; ಅದು ಗೋಡೆಗೆ ತಾಗದಂತೆ ಅವಳು ಅಡ್ಡಡ್ಡ ಹೆಜ್ಜೆ ಇಡುತ್ತ ಮೊದಲ ಮಹಡಿ ಮುಟ್ಟಿದಳು.

"ಒಂದು ಕೇಳ್ಲಾ?" ಎಂದಳು ಮಿಡತೆ, ಕಿವಿಯ ಹತ್ತಿರ.

"ಕೇಳು."

"ಸದ್ದು ಕೇಳಿಸ್ತಾ ನಿಂಗೆ?"

"ಯಾವ ಸದ್ದು?"

ಕುತ್ತಿಗೆಯ ಸುತ್ತಲಿನ ಕೈ ಬಿಗಿಯಿತು. "ಯಾವ ಸದ್ದು ಅಂತೀಯ."

"ಇಲ್ಲ ಕಣೆ. ಜನ ಅಷ್ಟೊಂದು ಅರಚ್ತಿದ್ರು..."

ಇನ್ನೂ ಬಿಗಿಯಿತು. ಗಂಟಲ ಗಂಟಿನ ಮೇಲೆ ಮಣಿಕಟ್ಟಿನ ಎಲುಬು ಕೂತಿತು. ಅವಳು ಇನ್ನೊಂದು ಮೆಟ್ಟಿಲು ಹತ್ತಿದಳು, ಇನ್ನೊಂದು. "ನಂಗೂ ಕಿವಿಗೆ ಕೇಳಿಸ್ಲಿಲ್ಲ," ಎಂದಳು ಮಿಡತೆ ಮೆಲ್ಲಗೆ. "ನಿನ್ನ ಕಾಲು ನನ್ನ ಕಾಲಿಗೆ ತಾಗೇ ಇತ್ತು. ನಂಗೆ ಎಲ್ಲಿ ಗೊತ್ತಾಯ್ತೋ ನಿಂಗೂ ಅಲ್ಲೇ ಗೊತ್ತಾಗಿದೆ. ಹೇಳು." ಕಣ್ಣಿಗೆ ಕತ್ತಲೆ ಕವಿಯತೊಡಗಿತು, ಮೆಟ್ಟಿಲುಗಳ ಅಂಚುಗಳು ಒಂದರೊಳಗೊಂದು ಸೇರಿಕೊಂಡವು. ಹೇಳು ಎನ್ನುತ್ತಾಳೆ, ಹೇಳುವ ದಾರಿಯನ್ನೇ ಅದುಮಿ ಹಿಡಿದಿದ್ದಾಳೆ. ಕೈ ಬಿಡಿಸಿಕೊಳ್ಳಬೇಕೆಂದರೆ ತನ್ನ ಕೈ ಬಿಡಬೇಕು. ಬಿಟ್ಟರೇನು? ಆ ಯೋಚನೆ ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟಂತೆ ಸ್ಪಷ್ಟವಾಗಿ ಬಂತು. ಬೆರಳ ಕೊಂಡಿ ಬಿಚ್ಚಿದರೆ ಸಾಕು. ಹಿಂದೆ ಇಷ್ಟು ಮೆಟ್ಟಿಲು. ಕಾಲು ಅಡಿಗೆ ಬೀಳುತ್ತದೆ, ರಾಡೂ ನಿಲ್ಲುವುದಿಲ್ಲ, ಇನ್ನು ಯಾರೂ ಏನೂ ಕೇಳುವುದಿಲ್ಲ. ಹೊತ್ತುಕೊಂಡು ಹೋಗುವಾಗ ಕಾಲು ಜಾರಿತು, ಪಾಪ, ಎಷ್ಟು ಪ್ರೀತಿಯಿಂದ ಕರೆತರುತ್ತಿದ್ದಳು ಎನ್ನುತ್ತಾರೆ. ಅಮ್ಮ ಊರಿಗೆಲ್ಲ ಹೇಳುತ್ತಾಳೆ. ಮತ್ತೊಮ್ಮೆ ಟಿಶ್ಯೂ ಡಬ್ಬಿ ಸರಿಸುತ್ತಾರೆ. ಅವಳ ಬೆರಳುಗಳು ಸಡಿಲಾದವು. ನಿಜವಾಗಿಯೂ ಸಡಿಲಾದವು. ಬೆನ್ನ ಮೇಲಿನ ಭಾರ ಒಂದು ಗೇಣು ಕೆಳಕ್ಕೆ ಜಾರಿತು. ಮಿಡತೆ "ಅಕ್ಕಾ!" ಎಂದಳು. ಕೊರಳ ಮೇಲಿನ ಕೈಗಳು ಒತ್ತುವುದನ್ನು ಮರೆತು ಬರೀ ಅಪ್ಪಿಕೊಂಡವು, ಜ್ವರದ ರಾತ್ರಿ ಅಪ್ಪಿಕೊಂಡ ಹಾಗೆ. ಅವಳು ಗೋಡೆಗೆ ಭುಜ ಕೊಟ್ಟು, ಮತ್ತೆ ಬೆರಳುಗಳನ್ನು ಉಗುರು ಚರ್ಮಕ್ಕೆ ನಾಟುವಂತೆ ಕೊಂಡಿ ಹಾಕಿ, ಭಾರವನ್ನು ಮೇಲಕ್ಕೆ ಎಗರಿಸಿಕೊಂಡಳು.

"ಗೊತ್ತಾಯ್ತು," ಎಂದಳು. ದನಿ ಕೆಮ್ಮಿನ ಜೊತೆ ಬಂತು. "ಅವಾಗ್ಲೇ ಗೊತ್ತಾಯ್ತು. ಗೊತ್ತಿದ್ದೇ ಎತ್ತಿದೆ. ಎತ್ತಿ ಒತ್ತಿದೆ."

ಎಲ್ಲೋ ಒಂದು ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಆಮೇಲೆ ಮೊದಲ ಗುದ್ದು ಅವಳ ಕಿವಿಯ ಮೇಲೆ ಬಿತ್ತು. ಕಿವಿ ಗುಂಯ್ ಎಂದಿತು. ಇನ್ನೊಂದು ಕಪಾಳದ ಮೇಲೆ. ಮಿಡತೆ ಒಂದು ಕೈಯಲ್ಲಿ ಅವಳ ಕೂದಲು ಹಿಡಿದು, ಇನ್ನೊಂದರಿಂದ ಸಿಕ್ಕಸಿಕ್ಕಲ್ಲಿ ಹೊಡೆಯತೊಡಗಿದಳು. ತಲೆಗೆ, ಕಣ್ಣಿಗೆ, ಬಾಯಿಗೆ. ಮಾತಿಲ್ಲ, ಬರೀ ಉಸಿರು. ಅವಳ ತುಟಿ ಹಲ್ಲಿಗೆ ಸಿಕ್ಕಿ ಒಡೆದು, ಉಪ್ಪು ಉಪ್ಪಾಗಿ ಬಾಯಿ ತುಂಬಿತು. ಎರಡೂ ಕೈಗಳು ಮಿಡತೆಯ ಭಾರದಲ್ಲಿ ಸಿಕ್ಕಿಕೊಂಡಿದ್ದರಿಂದ ಮುಖವನ್ನು ಅಡ್ಡ ಹಿಡಿಯಲೂ ಆಗಲಿಲ್ಲ. ಒಂದೊಂದು ಏಟಿಗೂ ಅವಳು ಮೇಲೆ ನೋಡುತ್ತ ಕಾಲು ಎತ್ತಿ ಇಟ್ಟಳು. ಎರಡನೇ ಮಹಡಿಯಲ್ಲಿ ಒಂದು ಬಾಗಿಲು ತೆರೆದು, ಕೈಯಲ್ಲಿ ಸೌಟು ಹಿಡಿದ ಹೆಂಗಸೊಬ್ಬಳು ಹೊರಗೆ ನೋಡಿದಳು. "ಅಯ್ಯೋ, ಏನಮ್ಮಾ ಇದು, ಏನಾಯ್ತು?" ಮಿಡತೆಯ ಮುಷ್ಟಿ ಗಾಳಿಯಲ್ಲೇ ನಿಂತಿತು. "ಏನಿಲ್ಲ ಆಂಟೀ," ಎಂದಳು ಮಿಡತೆ ಏದುಸಿರಿನಲ್ಲಿ. "ಪ್ರಾಕ್ಟೀಸು." ಹೆಂಗಸು ಇಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಈ ಆಟದವರ ಸಹವಾಸವೇ ಬೇಡ ಎನ್ನುವಂತೆ ಬಾಗಿಲು ಹಾಕಿಕೊಂಡಳು.

"ಇಳಿಸು."

"ಇನ್ನೊಂದೇ ಮಹಡಿ."

"ಇಳಿಸು ಅಂದ್ರೆ ಇಳಿಸು. ನಿನ್ನ ಬೆನ್ನು ನಂಗೆ ಬೇಡ."

ಅವಳು ನಿಧಾನವಾಗಿ ಕೂತು, ಮಿಡತೆಯನ್ನು ಮೆಟ್ಟಿಲ ಮೇಲೆ ಇಳಿಸಿದಳು. ಮಿಡತೆ ಮೇಲಿನ ಮೆಟ್ಟಿಲಿಗೆ ಹಿಂದಿನಿಂದ ಅಂಗೈ ಊರಿ, ಮೈಯನ್ನು ಎತ್ತಿ ಕೂರಿಸಿದಳು. ಕಟ್ಟಿದ ಕಾಲು ಕೆಳಗಿನ ಅಂಚಿಗೆ ಬಡಿಯುವುದರಲ್ಲಿತ್ತು. ಅವಳು ಬಗ್ಗಿ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಟ್ಟಬೇಡ ಎನ್ನಲು ಮಿಡತೆಯ ಬಾಯಿ ತೆರೆದು ಮುಚ್ಚಿತು. ಬೇರೆ ದಾರಿ ಇರಲಿಲ್ಲ. ಹಾಗೆ ಹತ್ತಿದರು, ಮಿಡತೆ ಹಿಂದು ಹಿಂದಕ್ಕೆ ಕೂತು ಕೂತು, ಅವಳು ಎದುರಿಗೆ ಬಗ್ಗಿ ಬಗ್ಗಿ. ಮುಖಕ್ಕೆ ಮುಖ ಕೊಡದೆ ಇರಲು ಆ ಮೆಟ್ಟಿಲುಗಳಲ್ಲಿ ಜಾಗವೇ ಇರಲಿಲ್ಲ. ಪ್ರತಿ ಮೆಟ್ಟಿಲಿಗೂ ಮಿಡತೆಯ ಅಂಗೈ ಸಿಮೆಂಟಿಗೆ ಪಟ್ ಎಂದು ಬಡಿಯುತ್ತಿತ್ತು. ಪಟ್ಟಿಯೊಳಗಿನ ಬಿಸಿ ಅವಳ ಕೈಗೆ ತಾಗುತ್ತಿತ್ತು. ಅವಳ ತುಟಿಯ ರಕ್ತ ಒಂದು ಹನಿ ಬಿಳಿ ಬಟ್ಟೆಯ ಮೇಲೆ ಬಿದ್ದು ಹರಡಿತು; ಇಬ್ಬರೂ ಅದನ್ನು ನೋಡಿದರು.

ಮೇಲೆ ಮುಟ್ಟಿದಾಗ ಮಿಡತೆ ಬಾಗಿಲಿಗೆ ಒರಗಿ, ಕಾಲು ಚಾಚಿಕೊಂಡು ಕಣ್ಣು ಮುಚ್ಚಿದಳು. "ಲೀಗಿನವರಿಗೆ ಹೇಳ್ತೀನಿ," ಎಂದಳು ಅವಳು, ಎದುರಿಗೆ ನಿಂತು. "ಇವತ್ತೇ ಫೋನ್ ಮಾಡ್ತೀನಿ. ಎಲ್ಲ ಹೇಳ್ತೀನಿ."

"ಹೇಳು. ಅದು ನಿನ್ನ ಕೆಲಸ." ಮಿಡತೆ ಕಣ್ಣು ತೆರೆಯಲಿಲ್ಲ. "ಆಸ್ಪತ್ರೇಲಿ ಹೆಸರು ಬದಲಾಯಿಸೋದಿಲ್ಲ. ಪಟ್ಟಿ ಬಿಚ್ಚೋಕೆ, ಕಟ್ಟೋಕೆ, ಎಲ್ಲದಕ್ಕೂ ನಿನ್ನನ್ನೇ ಕರೀಲಿ. ನಾನು ಓಡೋವರೆಗೂ ನೀನೇ ಹೊರಬೇಕು."

"ಹೂಂ."

"ಓಡದೇ ಹೋದ್ರೆ?"

ಅವಳು ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡಳು. "ಹೋಗು," ಎಂದಳು ಮಿಡತೆ. "ಕೋಲು ಕೆಳಗೇ ಇದೆ. ತಗೊಂಡು ಬಾ."

ಮೆಟ್ಟಿಲ ಮೇಲಿನ ಆ ಜಾಗ ಇಕ್ಕಟ್ಟಾಗಿತ್ತು. ಮಿಡತೆಯ ಕಾಲಿಗೆ ತಾಗದಂತೆ ಅವಳು ಗೋಡೆಗೆ ಅಂಗೈ ಊರಿ, ಮೊದಲು ಒಂದು ಪಾದ, ಆಮೇಲೆ ಸೊಂಟ, ಆಮೇಲೆ ಇನ್ನೊಂದು ಪಾದ ಎಂದು ಇಡೀ ಮೈಯನ್ನು ತಿರುಗಿಸತೊಡಗಿದಳು. ಅರ್ಧ ತಿರುಗಿದ್ದಾಗ ಹಿಂದಿನಿಂದ ಆ ದನಿ ಬಂತು, ಮೆಲ್ಲಗೆ, ನಗುವಿನ ಸುಳಿವೇ ಇಲ್ಲದೆ.

"ಪೀಂ," ಎಂದಳು ಮಿಡತೆ. "ಪೀಂ. ಪೀಂ."

ಅವಳು ನಿಲ್ಲಲಿಲ್ಲ. ಅಷ್ಟೇ ನಿಧಾನವಾಗಿ, ಆ ದನಿ ಮುಗಿಯುವವರೆಗೂ, ಪೂರ್ತಿ ತಿರುಗಿ, ಕೆಳಗಿಳಿದಳು.